ಅಳೆಯುವುದಾದರೆ ರಾತ್ರಿ ಎರಡಕ್ಕೆ ಅಳೆಯಿರಿ

ಗದಗದಿಂದ ಮುಂಡರಗಿಯ ಕಡೆ ಹೊರಟರೆ ಕಪ್ಪತಗುಡ್ಡದ ಸಾಲು ಸ್ಪಷ್ಟವಾಗುವ ಮೊದಲೇ ಫ್ಯಾನುಗಳು ಕಣ್ಣಿಗೆ ಬೀಳುತ್ತವೆ. ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳನ್ನು ಆ ಸೀಮೆಯ ಜನ ಕರೆಯುವುದು ಹಾಗೆಯೇ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ, ಗಜೇಂದ್ರಗಡದ ಗುಡ್ಡಗಳಲ್ಲಿ ಮೊದಮೊದಲು ನಿಂತ ಯಂತ್ರಗಳು ನೆತ್ತಿಯ ಮೇಲಿದ್ದವು, ಊರಿನಿಂದ ದೂರ. ಅವುಗಳ ಬುಡದಲ್ಲಿ ರಾತ್ರಿ ಮಲಗುವವರು ಇರಲಿಲ್ಲ. ಈಗ ಟವರುಗಳು 120, 140 ಮೀಟರ್ ಎತ್ತರಕ್ಕೆ ಬೆಳೆದಿವೆ. ಅಷ್ಟು ಎತ್ತರದಲ್ಲಿ ಬಯಲಿನಲ್ಲೂ ಒಳ್ಳೆಯ ಗಾಳಿ ಸಿಗುತ್ತದೆ. ಹೀಗಾಗಿ ಯಂತ್ರಗಳು ಗುಡ್ಡ ಇಳಿದು ಕುಷ್ಟಗಿ, ಯಲಬುರ್ಗಾ, ರೋಣ ತಾಲ್ಲೂಕುಗಳ ಎರೆಹೊಲಗಳಿಗೆ ಬಂದಿವೆ. ಹೊಲಗಳಲ್ಲಿ ಮನೆಗಳಿವೆ, ದನದ ಕೊಟ್ಟಿಗೆಗಳಿವೆ, ಮಲಗುವ ಮಕ್ಕಳಿದ್ದಾರೆ.

ಕರ್ನಾಟಕದ ಗಾಳಿ ವಿದ್ಯುತ್ ಸಾಮರ್ಥ್ಯ 7 ಸಾವಿರ ಮೆಗಾವಾಟ್ ದಾಟಿದೆ. 2024–25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಸಾಮರ್ಥ್ಯ ಸೇರಿಸಿದ ರಾಜ್ಯ ನಮ್ಮದು. ಇದು ಹೆಮ್ಮೆಯ ಸಂಗತಿ. ಶಾಖೋತ್ಪನ್ನ ಸ್ಥಾವರದ ಹಾರುಬೂದಿ ಅಂಗಳಕ್ಕೆ ಬೀಳುವುದನ್ನು ಕಂಡವರು ಗಾಳಿ ವಿದ್ಯುತ್ತನ್ನು ಬೇಡ ಎನ್ನಲಾರರು. ನಾನೂ ಎನ್ನುವುದಿಲ್ಲ. ಆದರೆ ಯಂತ್ರ ಎಲ್ಲಿ ನಿಲ್ಲಬೇಕು, ರಾತ್ರಿ ಎಷ್ಟು ಸದ್ದು ಮಾಡಬಹುದು ಎಂಬ ಪ್ರಶ್ನೆಯನ್ನು ನಾವಿನ್ನೂ ಸರಿಯಾಗಿ ಕೇಳಿಯೇ ಇಲ್ಲ. ಕೇಳಿದವರಿಗೆ ಸಿಗುವ ಉತ್ತರ ಒಂದೇ: ನಮ್ಮ ಯಂತ್ರದ ಸದ್ದು ಮನೆಯ ಫ್ರಿಜ್ಜಿನ ಸದ್ದಿಗಿಂತ ಹೆಚ್ಚಲ್ಲ.

ಕೊಪ್ಪಳ ಜಿಲ್ಲೆಯ ಒಂದು ಹೊಲದ ಮನೆಯಲ್ಲಿ ಕೂತು ಆ ಸದ್ದು ಕೇಳಿದ್ದೇನೆ. ತಗಡಿನ ಛಾವಣಿಯ ಎರಡು ಕೋಣೆ, ಮುಂದೆ ಬೇವಿನ ಮರ, ಮರದ ಬುಡದಲ್ಲಿ ಹೊರಸು. ಹತ್ತಿರದ ಯಂತ್ರ ಅರ್ಧ ಕಿಲೋಮೀಟರ್ ಇದ್ದೀತು. ಸಂಜೆಯವರೆಗೆ ಅದರ ಇರವು ಕಣ್ಣಿಗೆ ಗೊತ್ತಾಗುತ್ತಿತ್ತೇ ವಿನಾ ಕಿವಿಗಲ್ಲ. ಟ್ರ್ಯಾಕ್ಟರ್ ಓಡಾಡುತ್ತಿತ್ತು, ಪಕ್ಕದ ಹೊಲದಲ್ಲಿ ಯಾರೋ ಹಾಡು ಹಚ್ಚಿದ್ದರು. ಹತ್ತು ಗಂಟೆಯ ಮೇಲೆ ಒಂದೊಂದೇ ಸದ್ದು ಅಡಗಿತು. ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಆಗ ಕೇಳತೊಡಗಿತು, ಮೊರದಲ್ಲಿ ಜೋಳ ಹಸನು ಮಾಡುವಂಥ ಏರಿಳಿತದ ಸದ್ದು. ಸರ್, ಸರ್, ಸರ್. ಅದಕ್ಕೆ ಆರಂಭವಿಲ್ಲ, ನಿಲುಗಡೆಯಿಲ್ಲ. ಸ್ವಲ್ಪ ಹೊತ್ತಿಗೆ ಅದರ ಅಡಿಯಲ್ಲಿ ಇನ್ನೊಂದು ಮಂದವಾದ ಬಡಿತ ಸೇರಿತು. ಮನೆಯ ಹಿರಿಯಮ್ಮ ಹೇಳಿದರು: "ಹಗಲ ಗೊತ್ತಾಗೂದಿಲ್ರಿ. ಎಲ್ಲಾ ಸುಮ್ಮನಾದ ಮ್ಯಾಲ ಅದೊಂದ ಕೇಳಸ್ತೈತಿ. ಕೇಳಬಾರದು ಅಂದ್ರ ಇನ್ನಷ್ಟು ಕೇಳಸ್ತೈತಿ." ಅವರ ಮಗ ರಾತ್ರಿ ಪಾಳಿಯ ತ್ರೀಫೇಸ್ ಕರೆಂಟು ಬಂದಾಗ ನೀರು ಹಾಯಿಸಲು ಏಳಬೇಕು, ಬೆಳಿಗ್ಗೆ ಮತ್ತೆ ದುಡಿಯಬೇಕು. ನಡುವೆ ಸಿಗುವ ನಾಲ್ಕು ಗಂಟೆಯ ನಿದ್ದೆಯೇ ಅವರ ಆಸ್ತಿ.

ಆ ಏರಿಳಿತ ಎಲ್ಲಿಂದ ಬರುತ್ತದೆ? ಕೆಳಗೆ ನಿಂತವರಿಗೆ ರೆಕ್ಕೆ ಸಾವಕಾಶ ತಿರುಗುತ್ತಿದೆ ಎನಿಸುತ್ತದೆ. 140 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 11 ಸುತ್ತು ಸುತ್ತಿದರೂ ರೆಕ್ಕೆಯ ತುದಿ ಗಂಟೆಗೆ ಸುಮಾರು 290 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ರೆಕ್ಕೆಯ ಹಿಂಬದಿಯ ತೆಳು ಅಂಚಿನಲ್ಲಿ ಗಾಳಿಯ ಸುಳಿಗಳು ಒಡೆಯುತ್ತವೆ. ಸದ್ದಿನ ದೊಡ್ಡ ಪಾಲು ಅದು. ಮೂರು ರೆಕ್ಕೆಗಳಲ್ಲಿ ಒಂದೊಂದೂ ಕೆಳಗಿಳಿಯುವಾಗ ಸದ್ದು ಏರುತ್ತದೆ, ಆಮೇಲೆ ಇಳಿಯುತ್ತದೆ. ಅಂದರೆ ನಿಮಿಷಕ್ಕೆ ಮೂವತ್ತಮೂರು ಸಲ ಏರಿಳಿತ. ಗೇರ್‌ಬಾಕ್ಸಿನ ಗುಂಯ್‌ಗುಡುವಿಕೆ, ಗಾಳಿ ದಿಕ್ಕು ಬದಲಿಸಿದಾಗ ಯಂತ್ರದ ತಲೆ ತಿರುಗುವ ಕಿರಿಕಿರಿ ಸದ್ದು, ಬುಡದ ಟ್ರಾನ್ಸ್‌ಫಾರ್ಮರ್ ಸದ್ದು ಇವೆಲ್ಲ ಬೇರೆ. ಧೂಳು, ಮಳೆಹನಿ ಹೊಡೆದು ರೆಕ್ಕೆಯ ಮುಂಬದಿ ತರಿದುಹೋದರೆ ಸದ್ದು ಹೆಚ್ಚುತ್ತದೆ. ಸಿಡಿಲು ಬಡಿದು ತೂತಾದ ರೆಕ್ಕೆ ಶಿಳ್ಳೆ ಹೊಡೆಯುತ್ತದೆ. ಹೊಸದಾಗಿ ನಿಲ್ಲಿಸಿದಾಗ ಅಳೆದ ಅಂಕಿ ಹತ್ತು ವರ್ಷದ ನಂತರವೂ ಹಾಗೇ ಇರುತ್ತದೆ ಎನ್ನಲು ಬರುವುದಿಲ್ಲ.

ಇನ್ನು ಡೆಸಿಬೆಲ್ ಲೆಕ್ಕ. ದೊಡ್ಡ ಯಂತ್ರದ ಶಬ್ದಶಕ್ತಿ ಮೂಲದಲ್ಲಿ 105 ಡೆಸಿಬೆಲ್ ಆಸುಪಾಸು. ಐನೂರು ಮೀಟರ್ ದಾಟಿ ಮನೆ ತಲುಪುವ ಹೊತ್ತಿಗೆ ಅದು 40ರ ಹತ್ತಿರಕ್ಕೆ ಇಳಿದಿರುತ್ತದೆ. ಫ್ರಿಜ್ಜಿನ ಮಾತು ಬರುವುದು ಇಲ್ಲಿಂದ. ಅಂಕಿ ಸುಳ್ಳಲ್ಲ, ಆದರೆ ಅದು ಅರ್ಧ ಸತ್ಯ. ಹಳ್ಳಿಯ ನಡುರಾತ್ರಿಯ ಸಹಜ ಸದ್ದು 25ರಿಂದ 30 ಡೆಸಿಬೆಲ್ ಇರುತ್ತದೆ. 30ರ ನಡುವೆ ಬಂದ 40 ಎದ್ದು ಕೇಳುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಅದೇ 40 ಇದೆಯೆಂದೂ ತಿಳಿಯದು. ಅದೂ ಅಲ್ಲದೆ ಒಂದೇ ಯಂತ್ರ ಇರುವುದಿಲ್ಲ. ಸಮಾನ ದೂರದಲ್ಲಿ ಅಂಥದ್ದೇ ಇನ್ನೊಂದು ನಿಂತರೆ 3 ಡೆಸಿಬೆಲ್ ಕೂಡುತ್ತದೆ, ನಾಲ್ಕಾದರೆ 6.

ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿಯ ಗಾಳಿಯ ಗುಣ. ಇದನ್ನು ಅಳೆದು ತೋರಿಸಿದವರು ಡಚ್ ವಿಜ್ಞಾನಿ ಫ್ರಿಟ್ಸ್ ವಾನ್ ಡೆನ್ ಬರ್ಗ್. ನೆದರ್ಲೆಂಡ್ಸ್‌ನ ಗಡಿಗೆ ತಾಗಿದಂತೆ ಜರ್ಮನಿಯ ರೇಡೆ ಎಂಬಲ್ಲಿ 17 ಯಂತ್ರಗಳ ಒಂದು ಗಾಳಿ ವಿದ್ಯುತ್ ಕೇಂದ್ರವಿದೆ. ಲೆಕ್ಕದ ಪ್ರಕಾರ ಸದ್ದು ಮಿತಿಯೊಳಗಿತ್ತು. ಆದರೆ ಐನೂರು ಮೀಟರ್ ಮತ್ತು ಅದಕ್ಕಿಂತ ದೂರದ ಜನ, 1,900 ಮೀಟರ್ ಆಚೆಯವರೂ ಕೂಡ, ರಾತ್ರಿ ಕಾಟ ಎಂದು ದೂರುತ್ತಿದ್ದರು. ವಾನ್ ಡೆನ್ ಬರ್ಗ್ ಹೋಗಿ ಅಳೆದರು. ಹಗಲಲ್ಲಿ ಬಿಸಿಲಿಗೆ ಕಾದ ನೆಲ ಗಾಳಿಯನ್ನು ಮೇಲೆ ಕೆಳಗೆ ಕಲಕುತ್ತಿರುತ್ತದೆ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ನಿಲ್ಲುತ್ತದೆ, ನೂರು ಮೀಟರ್ ಮೇಲಿನ ಗಾಳಿ ಜೋರಾಗುತ್ತದೆ. ಅವರ ಅಳತೆಯಲ್ಲಿ ಯಂತ್ರದ ಎತ್ತರದಲ್ಲಿ ಗಾಳಿ ನಿರೀಕ್ಷೆಗಿಂತ 2.6 ಪಟ್ಟು ವೇಗದವರೆಗೆ ಇತ್ತು. ಸದ್ದು 15 ಡೆಸಿಬೆಲ್‌ವರೆಗೆ ಹೆಚ್ಚಿತ್ತು. 2004ರಲ್ಲಿ ಅವರು ಇದನ್ನು ಪ್ರಕಟಿಸಿದರು. ದೂರುತ್ತಿದ್ದ ಜನ ಸರಿಯಾಗೇ ಹೇಳುತ್ತಿದ್ದರು, ತಪ್ಪಿದ್ದು ಲೆಕ್ಕ.

ಇದನ್ನು ನಮ್ಮ ಬಯಲಿಗೆ ತಂದು ನೋಡಿ. ಆಷಾಢದಲ್ಲಿ ಯಂತ್ರಗಳು ಪೂರ್ಣ ವೇಗದಲ್ಲಿ ತಿರುಗುತ್ತವೆ, ವರ್ಷದ ಉತ್ಪಾದನೆಯ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ ಆಗುತ್ತದೆ. ಆದರೆ ಆಗ ಮರಗಿಡ, ತಗಡು, ಬೆಳೆ ಎಲ್ಲವೂ ಸದ್ದು ಮಾಡುತ್ತಿರುವುದರಿಂದ ಯಂತ್ರದ ದನಿ ಅದರೊಳಗೆ ಸ್ವಲ್ಪ ಮುಚ್ಚಿಹೋಗುತ್ತದೆ. ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ, ಕೆಳಗೆ ಎಲೆ ಅಲುಗದೆ ಮೇಲೆ ರೆಕ್ಕೆ ತಿರುಗುವ ರಾತ್ರಿಗಳಲ್ಲಿ ಅದು ನಿಚ್ಚಳವಾಗಿ ಕೇಳುತ್ತದೆ. ಅಧಿಕಾರಿಗಳು ಬಂದು ಮಧ್ಯಾಹ್ನ ಮೂರಕ್ಕೆ ಮೀಟರು ಹಿಡಿದು ಏನೂ ಇಲ್ಲವಲ್ಲ ಎಂದು ಹೋದರೆ, ಅವರು ಅಳೆದದ್ದು ಬೇರೆಯದೇ ಸಂಗತಿಯನ್ನು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಗಾಳಿಯಂತ್ರದ ಬಗ್ಗೆ ಹರಡಿರುವ ಭಯಗಳಲ್ಲಿ ಹಲವಕ್ಕೆ ಬುಡವಿಲ್ಲ. 2009ರಲ್ಲಿ ಅಮೆರಿಕದ ವೈದ್ಯೆ ನೀನಾ ಪಿಯರ್‌ಪಾಂಟ್ ಹತ್ತು ಕುಟುಂಬಗಳ 38 ಜನರ ಅನುಭವ ಇಟ್ಟುಕೊಂಡು 'ವಿಂಡ್ ಟರ್ಬೈನ್ ಸಿಂಡ್ರೋಮ್' ಎಂಬ ಪುಸ್ತಕ ಬರೆದರು. ತಲೆಸುತ್ತು, ವಾಕರಿಕೆ, ಎದೆಬಡಿತ, ಕಿವಿಯಲ್ಲಿ ಮೊರೆತ ಎಲ್ಲವೂ ಯಂತ್ರದಿಂದ ಬರುವ ರೋಗ ಎಂದರು. ಕಿವಿಗೆ ಕೇಳಿಸದಷ್ಟು ತಗ್ಗಿನ ಇನ್‌ಫ್ರಾಸೌಂಡ್ ದೇಹವನ್ನು ಕೆಡಿಸುತ್ತದೆ ಎಂಬ ಮಾತು ಜಗತ್ತಿನ ತುಂಬ ಓಡಾಡಿತು. ವಿಜ್ಞಾನಿಗಳು ಅದನ್ನು ಪರೀಕ್ಷಿಸಿದರು. ಫಿನ್ಲೆಂಡ್ ಸರ್ಕಾರ ಮಾಡಿಸಿದ ಅಧ್ಯಯನ 2020ರಲ್ಲಿ ಹೊರಬಂತು. ಇನ್‌ಫ್ರಾಸೌಂಡಿನಿಂದಲೇ ತಮಗೆ ತೊಂದರೆ ಎನ್ನುತ್ತಿದ್ದವರಿಗೂ ಪ್ರಯೋಗಾಲಯದಲ್ಲಿ ಅದು ಇದೆಯೋ ಇಲ್ಲವೋ ಗುರುತಿಸಲಾಗಲಿಲ್ಲ. ಆಸ್ಟ್ರೇಲಿಯಾದ ವೂಲ್‌ಕಾಕ್ ಸಂಸ್ಥೆ ಶಬ್ದಕ್ಕೆ ಬೇಗ ಬೇಸರಿಸುವ 37 ಜನರನ್ನು ಒಂದೊಂದು ಸಲಕ್ಕೆ 72 ಗಂಟೆ ಅಂಥ ಇನ್‌ಫ್ರಾಸೌಂಡಿನಲ್ಲಿ ಇರಿಸಿ ನೋಡಿ, ನಿದ್ದೆಗಾಗಲಿ ದೇಹಕ್ಕಾಗಲಿ ತೊಂದರೆ ಕಾಣಲಿಲ್ಲ ಎಂದು 2023ರಲ್ಲಿ ವರದಿ ಮಾಡಿತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಫಿಯೋನಾ ಕ್ರಿಕ್ಟನ್ ಮತ್ತು ಸಂಗಡಿಗರು 54 ಜನರ ಮೇಲೆ ಮಾಡಿದ ಪ್ರಯೋಗವಂತೂ ಯೋಚನೆಗೆ ಹಚ್ಚುವಂಥದ್ದು. ಕೆಲವರಿಗೆ ಮೊದಲೇ ಭಯ ಹುಟ್ಟಿಸುವ ವಿಡಿಯೊ ತೋರಿಸಿದರು. ಆಮೇಲೆ ಇನ್‌ಫ್ರಾಸೌಂಡ್ ಎಂದು ಹೇಳಿ ಬರಿಯ ನಿಶ್ಶಬ್ದ ಕೇಳಿಸಿದಾಗಲೂ ಅವರಿಗೆ ತಲೆನೋವು, ಸಂಕಟ ಕಾಣಿಸಿಕೊಂಡಿತು.

ಹಾಗಾದರೆ ಎಲ್ಲವೂ ಮನಸ್ಸಿನ ಭ್ರಮೆಯೇ? ಅಲ್ಲ. ಕಂಪನಿಗಳ ಪರ ಮಾತನಾಡುವವರು ಈ ಪ್ರಯೋಗಗಳನ್ನು ತೋರಿಸಿ ಕಡತ ಮುಚ್ಚಿಬಿಡುತ್ತಾರೆ, ನನ್ನ ತಕರಾರು ಅದಕ್ಕೆ. ಕೇಳದ ಸದ್ದಿನ ಬಗ್ಗೆ ಬಂದ ಉತ್ತರವನ್ನು ಕೇಳುವ ಸದ್ದಿಗೂ ಅಂಟಿಸಿದರೆ ಹೇಗೆ? ಕೇಳುವ ಸದ್ದಿನ ಬಗ್ಗೆ ಸಾಕ್ಷ್ಯ ಬೇರೆಯಿದೆ. ಕೆನಡಾದ ಆರೋಗ್ಯ ಇಲಾಖೆ ಒಂಟಾರಿಯೊ ಮತ್ತು ಪ್ರಿನ್ಸ್ ಎಡ್ವರ್ಡ್ ದ್ವೀಪದ 1,238 ಜನರನ್ನು ಅಧ್ಯಯನ ಮಾಡಿ 2014ರಲ್ಲಿ ಫಲಿತಾಂಶ ಕೊಟ್ಟಿತು. ನಿದ್ರಾಹೀನತೆ, ತಲೆಸುತ್ತು, ರಕ್ತದೊತ್ತಡದಂಥ ಕಾಯಿಲೆಗಳಿಗೆ ಯಂತ್ರದ ಸದ್ದಿನ ನಂಟು ಸಿಗಲಿಲ್ಲ. ಸದ್ದು ಹೆಚ್ಚಿದಂತೆ ಜನರ ಕಿರಿಕಿರಿ ಹೆಚ್ಚುವುದು ಮಾತ್ರ ಖಚಿತವಾಗಿ ಕಂಡಿತು. ಸ್ವೀಡನ್ನಿನ ಸಂಶೋಧಕರು, ಅಷ್ಟೇ ಡೆಸಿಬೆಲ್ಲಿನ ವಾಹನದ ಸದ್ದಿಗಿಂತ ಗಾಳಿಯಂತ್ರದ ಸದ್ದು ಜನರನ್ನು ಹೆಚ್ಚು ಕಾಡುತ್ತದೆ ಎಂದು 2004ರಲ್ಲೇ ತೋರಿಸಿದ್ದರು. ಏರಿಳಿಯುವ ಸದ್ದಿಗೆ ಕಿವಿ ಒಗ್ಗಿಕೊಳ್ಳದು. ಡೆನ್ಮಾರ್ಕಿನಲ್ಲಿ ಇಡೀ ದೇಶದ ದಾಖಲೆ ಇಟ್ಟುಕೊಂಡು ನಡೆದ ಅಧ್ಯಯನದಲ್ಲಿ, ರಾತ್ರಿ ಮನೆಯ ಹೊರಗೆ 42 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಸದ್ದಿರುವ ಕಡೆ ನಿದ್ದೆ ಮಾತ್ರೆ ಕೊಳ್ಳುವುದು ಹೆಚ್ಚು ಕಂಡಿತು, ಅದರಲ್ಲೂ 65 ದಾಟಿದವರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಮಾಡಿದ ಮಾರ್ಗಸೂಚಿಯಲ್ಲಿ ಗಾಳಿಯಂತ್ರದ ಸದ್ದಿಗೆ ಪ್ರತ್ಯೇಕ ಮಿತಿ ಹೇಳಿತು: ಸಂಜೆ, ರಾತ್ರಿಯ ಸದ್ದಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕಿದ ದಿನದ ಸರಾಸರಿ 45 ಡೆಸಿಬೆಲ್ ಮೀರಬಾರದು. ರಾತ್ರಿಗೆಂದೇ ಬೇರೆ ಮಿತಿ ಹೇಳಲು ಸಾಕಷ್ಟು ಗಟ್ಟಿ ಸಾಕ್ಷ್ಯ ಇಲ್ಲವೆಂದೂ ಅದು ಒಪ್ಪಿಕೊಂಡಿತು.

ಇದರ ಜೊತೆಗೆ ದುಡ್ಡಿನ ಸಂಗತಿಯೂ ಇದೆ. ನೆದರ್ಲೆಂಡ್ಸ್‌ನಲ್ಲಿ 725 ಜನರನ್ನು ವಿಚಾರಿಸಿದಾಗ, ಯಂತ್ರದಿಂದ ಆದಾಯ ಪಡೆಯುವವರು ಹೆಚ್ಚು ಸದ್ದಿನ ನಡುವೆ ಇದ್ದರೂ ಅವರಲ್ಲಿ ಕಿರಿಕಿರಿ ಎಂದವರು ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ ಹಣ ಸಿಗುವುದು ಯಂತ್ರ ನಿಲ್ಲಿಸಲು, ರಸ್ತೆ ಮಾಡಲು ಜಮೀನು ಕೊಟ್ಟವರಿಗೆ. ಬದುವಿನ ಆಚೆಯ ರೈತನಿಗೆ ಅದೇ ಸದ್ದು, ಅದೇ ತಿರುಗುವ ನೆರಳು, ರೊಕ್ಕ ಮಾತ್ರ ಇಲ್ಲ. ಒಂದೇ ಊರಲ್ಲಿ ಒಬ್ಬರಿಗೆ ಅದು ಲಕ್ಷ್ಮಿಯಾಗಿ, ಪಕ್ಕದವರಿಗೆ ಪೀಡೆಯಾಗಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಇದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರಿದ್ದಾರೆ. ತನ್ನ ಅನುಮತಿಯಿಲ್ಲದೆ, ತನಗೆ ಲಾಭವಿಲ್ಲದೆ ತನ್ನ ನಿದ್ದೆ ಹೋದವನ ಮಾತು ಹೊಟ್ಟೆಕಿಚ್ಚಲ್ಲ, ನ್ಯಾಯದ ಪ್ರಶ್ನೆ.

ಯುರೋಪಿನ ಲೆಕ್ಕ ನಮಗೆ ಹಾಗೆಯೇ ಹೊಂದುವುದೂ ಇಲ್ಲ. ಅಲ್ಲಿ ದಪ್ಪ ಗೋಡೆ, ಎರಡು ಪದರದ ಗಾಜಿನ ಕಿಟಕಿ. ಹೊರಗಿನ ಸದ್ದು ಒಳಗೆ ಬರುವಷ್ಟರಲ್ಲಿ ಬಹುಪಾಲು ಸೋತಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಯ ಮೂರು ತಿಂಗಳು ಮನೆಯವರೆಲ್ಲ ಮಲಗುವುದು ಮಾಳಿಗೆಯ ಮೇಲೆ, ಕಟ್ಟೆಯ ಮೇಲೆ, ಅಂಗಳದ ಹೊರಸಿನಲ್ಲಿ. ಮಿಕ್ಕ ದಿನಗಳಲ್ಲೂ ಬಾಗಿಲು ಕಿಟಕಿ ತೆರೆದಿರುತ್ತವೆ. ಕಾಯಿಗಟ್ಟಿದ ಬೆಳೆ ಕಾಯಲು ಹೊಲದಲ್ಲೇ ರಾತ್ರಿ ಕಳೆಯುವವರಿಗೆ ಗೋಡೆಯೇ ಇಲ್ಲ. ಅಂದ ಮೇಲೆ ನಮ್ಮ ಮಿತಿ ಅವರದಕ್ಕಿಂತ ಬಿಗಿಯಾಗಿರಬೇಕಿತ್ತು.

ಇದೆಯೇ? 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಲ್ಲಿ ಗಾಳಿ ವಿದ್ಯುತ್ ಯೋಜನೆಗಳ ಹೆಸರೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಉದ್ಯಮಗಳನ್ನು ಬಣ್ಣಗಳಾಗಿ ವಿಂಗಡಿಸಿದಾಗ ಇವು ಬಿಳಿ ವರ್ಗಕ್ಕೆ ಸೇರಿದವು. ಮಂಡಳಿಯ ಸಮ್ಮತಿ ಪಡೆಯಬೇಕಿಲ್ಲ, ತಿಳಿಸಿದರೆ ಸಾಕು. ಹೊಗೆಯಿಲ್ಲ, ಕೊಳಚೆ ನೀರಿಲ್ಲ ಎಂಬ ಕಾರಣಕ್ಕೆ ಅದು ಸರಿಯೇ ಇರಬಹುದು, ಆದರೆ ಸದ್ದನ್ನು ಯಾರು ನೋಡಬೇಕು? ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಸದ್ದು ತಗ್ಗಿಸುವ ಸಲುವಾಗಿ ಜನವಸತಿಯಿಂದ 500 ಮೀಟರ್ ದೂರ ಎನ್ನುತ್ತದೆ. ರಸ್ತೆ, ರೈಲುಹಳಿ, ಕಟ್ಟಡಗಳಿಂದ ಟವರಿನ ಎತ್ತರ, ಚಕ್ರದ ವ್ಯಾಸದ ಅರ್ಧ, ಮೇಲೆ ಐದು ಮೀಟರ್, ಇಷ್ಟನ್ನು ಕೂಡಿಸಿದಷ್ಟು ದೂರ ಇರಲಿ ಎನ್ನುತ್ತದೆ. 120 ಮೀಟರ್ ಟವರು, 140 ಮೀಟರ್ ಚಕ್ರಕ್ಕೆ ಅದು 195 ಮೀಟರ್ ಆಯಿತು. ಯಂತ್ರ ಮುರಿದು ಬಿದ್ದರೆ ಮೈಮೇಲೆ ಬೀಳದಿರಲು ಸಾಕಾಗುವ ಅಂತರ ಅದು, ನಿದ್ದೆ ಕಾಯುವ ಅಂತರವಲ್ಲ. 500 ಮೀಟರ್ ಎಂಬುದೂ ಯಂತ್ರ ಎಷ್ಟು ದೊಡ್ಡದು, ಎಷ್ಟಿವೆ ಎಂದು ಕೇಳುವುದಿಲ್ಲ. ಡೆನ್ಮಾರ್ಕಿನಲ್ಲಿ ಮನೆಯಿಂದ ಯಂತ್ರದ ಒಟ್ಟು ಎತ್ತರದ ನಾಲ್ಕು ಪಟ್ಟು ದೂರ ಬೇಕು. ಜೊತೆಗೆ ಬಯಲಿನ ಒಂಟಿ ಮನೆಗೂ ಗಾಳಿಯ ವೇಗಕ್ಕೆ ತಕ್ಕಂತೆ 42 ಮತ್ತು 44 ಡೆಸಿಬೆಲ್ ಮಿತಿ, ವಸತಿ ಪ್ರದೇಶಕ್ಕೆ 37 ಮತ್ತು 39.

ನಮ್ಮಲ್ಲಿ ಉಳಿಯುವುದು 2000ದ ಶಬ್ದ ಮಾಲಿನ್ಯ ನಿಯಮಗಳು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಧ್ವನಿವರ್ಧಕ, ಜನರೇಟರ್, ವಾಹನಗಳ ಸದ್ದು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸರಾಸರಿ ಲೆಕ್ಕ ಅದು, ಏರಿಳಿತದ ಬಡಿತವನ್ನು ಅದು ಹಿಡಿಯದು. ಒಂದು ವಿಷಯ ಮಾತ್ರ ಗಮನಿಸಬೇಕು. ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳಿಂದ ಸಾಲ ಪಡೆದ ಕಂಪನಿಗಳು ವಿಶ್ವಬ್ಯಾಂಕ್ ಸಮೂಹದ 2015ರ ಮಾರ್ಗಸೂಚಿಯಂತೆ ಎರಡು ಕಿಲೋಮೀಟರ್ ಒಳಗಿನ ಮನೆಗಳಿಗೆ ಬರುವ ಸದ್ದನ್ನು ಮುಂಚಿತವಾಗಿ ಲೆಕ್ಕ ಹಾಕಬೇಕಾಗುತ್ತದೆ. ಸಾಲ ಕೊಡುವವರು ಕೇಳಿದರೆ ಮಾಡಬಹುದಾದ ಕೆಲಸವನ್ನು ಸರ್ಕಾರ ಕೇಳಿದರೂ ಮಾಡಬಹುದು.

ಷರತ್ತು ಪಾಲಿಸಿದರೆ ಸಾಕೇ ಎಂಬ ಪ್ರಶ್ನೆ ಕೋರ್ಟಿಗೂ ಹೋಗಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬಾಲ್ಡ್ ಹಿಲ್ಸ್ ಎಂಬ ಗಾಳಿ ವಿದ್ಯುತ್ ಕೇಂದ್ರವಿದೆ, 52 ಯಂತ್ರಗಳು, 2015ರಲ್ಲಿ ಶುರುವಾದದ್ದು. ರಾತ್ರಿಯ ಸದ್ದಿನಿಂದ ನಿದ್ದೆ ಹಾಳಾಗುತ್ತಿದೆ ಎಂದು ನೆರೆಯ ಇಬ್ಬರು ವರ್ಷಗಟ್ಟಲೆ ದೂರಿದರು. ಪರವಾನಗಿಯ ಷರತ್ತು ಪಾಲಿಸಿದ್ದೇವೆ ಎಂಬುದು ಕಂಪನಿಯ ವಾದ. 2022ರ ಮಾರ್ಚಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೆಲಿಂಡಾ ರಿಚರ್ಡ್ಸ್ ಆ ವಾದ ಒಪ್ಪಲಿಲ್ಲ. ಇಬ್ಬರಿಗೂ ಸೇರಿ 2,60,000 ಡಾಲರ್ ಪರಿಹಾರ ಕೊಡಿಸಿದರು. ಇನ್ನೂ ಅಲ್ಲೇ ವಾಸಿಸುತ್ತಿದ್ದವರ ಜಮೀನಿನಲ್ಲಿ ರಾತ್ರಿಯ ಉಪದ್ರವ ನಿಲ್ಲಿಸಬೇಕೆಂದು ಆದೇಶಿಸಿದರು. ಶುದ್ಧ ವಿದ್ಯುತ್ತು ಸಮಾಜಕ್ಕೆ ಬೇಕಾದದ್ದೇ, ಆದರೆ ಅದಕ್ಕಾಗಿ ನೆರೆಯವರ ನಿದ್ದೆ ಬಲಿಯಾಗಬೇಕಿಲ್ಲ, ಎರಡೂ ಸಾಧ್ಯ ಎಂಬುದು ತೀರ್ಪಿನ ತಿರುಳು.

ಎರಡೂ ಸಾಧ್ಯ ಎಂಬುದು ತಾಂತ್ರಿಕವಾಗಿಯೂ ನಿಜ. ಗೂಬೆ ಸದ್ದಿಲ್ಲದೆ ಹಾರುವುದಕ್ಕೆ ಅದರ ರೆಕ್ಕೆಯ ಗರಗಸದಂಥ ಅಂಚೂ ಒಂದು ಕಾರಣ. ಅದನ್ನು ನೋಡಿ ಮಾಡಿದ ಹಲ್ಲುಪಟ್ಟಿಯನ್ನು ಯಂತ್ರದ ರೆಕ್ಕೆಯ ಹಿಂಬದಿಗೆ ಅಂಟಿಸಿದರೆ 2–3 ಡೆಸಿಬೆಲ್ ಇಳಿಯುತ್ತದೆ. ಹಳೆಯ ಯಂತ್ರಗಳಿಗೂ ಇದನ್ನು ಕೂಡಿಸಬಹುದು. ಇಂದಿನ ಬಹುತೇಕ ಯಂತ್ರಗಳಲ್ಲಿ ಕಡಿಮೆ ಸದ್ದಿನ ಓಟದ ವ್ಯವಸ್ಥೆ ಸಾಫ್ಟ್‌ವೇರಿನಲ್ಲೇ ಇರುತ್ತದೆ. ಮನೆಗೆ ಹತ್ತಿರವಿರುವ ಒಂದೆರಡು ಯಂತ್ರಗಳನ್ನು, ಗಾಳಿ ಮನೆಯ ಕಡೆ ಬೀಸುವ ರಾತ್ರಿಗಳಲ್ಲಿ ಮಾತ್ರ, ತುಸು ನಿಧಾನ ಓಡಿಸಿದರೆ ಉತ್ಪಾದನೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಆ ಸ್ವಲ್ಪವನ್ನು ಬಿಟ್ಟುಕೊಡಲು ಕಂಪನಿ ತಾನಾಗಿ ಮುಂದೆ ಬರುವುದಿಲ್ಲ, ನಿಯಮ ಬರಬೇಕು. ಕರ್ನಾಟಕದಲ್ಲಿ ಯೋಜನೆ ಹಂಚುವುದು ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆಯಾದ ಕ್ರೆಡೆಲ್. ಮಂಜೂರಾತಿಯ ಷರತ್ತಿನಲ್ಲೇ ಮೂರು ಸಂಗತಿ ಸೇರಲಿ: ಯಂತ್ರ ನಿಲ್ಲುವ ಮೊದಲು ಊರಿನ ರಾತ್ರಿಯ ಸದ್ದನ್ನು ಅಳೆದಿರಬೇಕು, ನಿಂತ ಮೇಲೆ ಆಷಾಢದಲ್ಲೊಮ್ಮೆ, ಚಳಿಗಾಲದ ತಿಳಿರಾತ್ರಿಯಲ್ಲೊಮ್ಮೆ ಮನೆಯಂಗಳದಲ್ಲೇ ಮತ್ತೆ ಅಳೆಯಬೇಕು, ಜಮೀನು ಕೊಡದ ನೆರೆಯವರಿಗೂ ಲಾಭದಲ್ಲಿ ಪಾಲಿರಬೇಕು.

ನಿಯಮ ಬರುವತನಕ ಊರವರು ಸುಮ್ಮನೆ ಕೂರಬೇಕಿಲ್ಲ. ನಿಮ್ಮೂರಿಗೆ ಸರ್ವೆಯವರು ಬಂದಿದ್ದರೆ, ಗ್ರಾಮ ಪಂಚಾಯಿತಿಯ ಒಪ್ಪಿಗೆ ಕೇಳಿ ಕಂಪನಿಯವರು ಬಂದಿದ್ದರೆ, ಯಾವ ಮನೆಗೆ ಎಷ್ಟು ಡೆಸಿಬೆಲ್ ಬರುತ್ತದೆ ಎಂಬ ನಕ್ಷೆ ಕೇಳಿ, ಕನ್ನಡದಲ್ಲಿ ಕೇಳಿ, ಗ್ರಾಮಸಭೆಯಲ್ಲಿ ಓದಿಸಿ. ಯಂತ್ರ ಈಗಾಗಲೇ ನಿಂತಿದ್ದರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ತಾರೀಖು, ಎಷ್ಟು ಗಂಟೆಗೆ ಎಚ್ಚರವಾಯಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಸದ್ದು ಹೇಗಿತ್ತು, ಯಾರಿಗೆ ದೂರು ಕೊಟ್ಟಿರಿ, ಏನು ಉತ್ತರ ಬಂತು, ಎಲ್ಲವನ್ನೂ ಆಯಾ ದಿನವೇ ಬರೆದಿಡಿ. ಬಾಲ್ಡ್ ಹಿಲ್ಸ್‌ನ ನೆರೆಯವರ ದೂರಿಗೆ ಬಲ ಕೊಟ್ಟ ಸಾಕ್ಷ್ಯಗಳಲ್ಲಿ ಅವರು ಹೀಗೆ ಬರೆದಿಟ್ಟ ದಾಖಲೆಗಳೂ ಇದ್ದವು.